ಕಣ್ಣು ತಗ್ಗಿಸಿ ಉಡಿಸಿದವಳು

ನವಲ್‌ಫ್ರೆಸ್ನೊ ಊರಿನಲ್ಲಿ ಜಿಲ್ಲೆಯ ದೊಡ್ಡ ಪಟ್ಟಣ ತೊಲೆದೊಗೆ ಹೋಗದವರು ಯಾರೂ ಇರಲಿಲ್ಲ. ತೊಲೆದೊ ನೋಡಿದವರೂ ಯಾರೂ ಇರಲಿಲ್ಲ. ಮಂಡಿನೋವೆಂದು ಹೋಗಿದ್ದರು, ಕಣ್ಣಿನ ಪೊರೆಗೆಂದು ಹೋಗಿದ್ದರು, ಪಿಂಚಣಿಯ ಕಾಗದಕ್ಕೆ ಸಹಿ ಹಾಕಲು ಹೋಗಿದ್ದರು. ಆಸ್ಪತ್ರೆಯ ದಾರಿಯಲ್ಲಿ ಗುಡ್ಡದ ಮೇಲಿನ ಕೋಟೆ, ದೊಡ್ಡ ಇಗರ್ಜಿಯ ಗೋಪುರ, ಕೆಳಗೆ ಸುತ್ತಿ ಹರಿಯುವ ತಾಹೊ ನದಿ ಬಸ್ಸಿನ ಕಿಟಕಿಯಲ್ಲಿ ಹಾದುಹೋಗುತ್ತಿದ್ದವು. ‘ಇನ್ನೊಂದು ಸಲ ಬಂದಾಗ ನೋಡೋಣ’ ಎಂದುಕೊಂಡು ಮನೆಗೆ ಮರಳುತ್ತಿದ್ದರು. ಕೈಗೆಟುಕುವ ಹಣ್ಣನ್ನು ಯಾರೂ ಅವಸರಪಟ್ಟು ಕೀಳುವುದಿಲ್ಲ.

ಈ ಸಲ ಮಾತ್ರ ಬರೀ ನೋಡುವುದಕ್ಕೆಂದೇ ಹೋಗಬೇಕೆಂದು ಊರು ಹೊರಟಿತು. ಕಾರಣ, ಊರಿನ ಒರತೆ ಮಾತೆ ಅಲ್ಲಿದ್ದಳು.

ಒರತೆ ಮಾತೆಯೆಂದರೆ ಊರಿನ ಇಗರ್ಜಿಯ ಮರಿಯಮ್ಮ, ಮರದ ಮೂರ್ತಿ. ಗುಡ್ಡದ ಬುಡದಲ್ಲಿ ನೀರಿನ ಒರತೆಯ ಪಕ್ಕ ಕುರುಬನೊಬ್ಬನಿಗೆ ಸಿಕ್ಕಳಂತೆ. ಅದು ಅಜ್ಜನ ಅಜ್ಜ ಹೇಳಿದ ಕತೆ. ಅವಳ ಮೈಯ ಮರಕ್ಕೆ ಹುಳು ಹಿಡಿದಿದೆಯೆಂದು ಚಳಿಗಾಲದಲ್ಲಿ ತೊಲೆದೊದಿಂದ ಜನ ಬಂದು ಚಿಕಿತ್ಸೆಗೆ ಕರೆದೊಯ್ದಿದ್ದರು. ಚಿಕಿತ್ಸೆಯೇನೋ ಮುಗಿಯಿತು. ಆದರೆ ಅಲ್ಲಿ ಸುತ್ತಲ ಊರುಗಳ ಹಳೆಯ ಮರಿಯಮ್ಮಗಳನ್ನೆಲ್ಲ ಸೇರಿಸಿ ಒಂದು ಪ್ರದರ್ಶನ ಇಡುತ್ತಾರೆಂದೂ, ಬೇಸಿಗೆ ಮುಗಿಯುವವರೆಗೆ ಮಾತೆ ಅಲ್ಲಿಯೇ ಇರುತ್ತಾಳೆಂದೂ ಫಾದರ್ ಕಾಸ್ತೊ ಒಂದು ಭಾನುವಾರ ಪೂಜೆಯ ಕೊನೆಗೆ ಹೇಳಿದರು. ಆಮೇಲೆ ಸ್ವಲ್ಪ ತಡವರಿಸಿ, “ಅಲ್ಲಿ ಉಡುಪು ಇರಲ್ಲ. ಶಿಲ್ಪಿ ಕೆತ್ತಿದ ಹಾಗೇ ಇಡ್ತಾರಂತೆ” ಎಂದೂ ಸೇರಿಸಿದರು.

ಇಗರ್ಜಿಯಲ್ಲಿ ಗುಸುಗುಸು ಎದ್ದಿತು. ಊರಿನವರು ಹುಟ್ಟಿದಾಗಿನಿಂದ ಕಂಡಿದ್ದು ಮಾತೆಯ ಅಂಗೈಯಗಲದ ಕಪ್ಪು ಮುಖ, ಅದರ ಕೆಳಗೆ ಗಂಟೆಯ ಹಾಗೆ ಅಗಲವಾಗಿ ಇಳಿದ ಜರಿಯ ನಿಲುವಂಗಿ, ಅಷ್ಟೇ. ಒಳಗೆ ಏನಿದೆ, ಹೇಗಿದೆ, ಯಾರಿಗೂ ಗೊತ್ತಿರಲಿಲ್ಲ. ಒಬ್ಬಳಿಗೆ ಗೊತ್ತಿತ್ತು; ಗೊತ್ತಿದೆಯೆಂದಾದರೂ ಊರು ನಂಬಿತ್ತು. ಅವಳು ಮಾತೆಗೆ ಉಡಿಸುವ ಎರ್ಮಿನಿಯ.

ಉಡಿಸುವ ಕೆಲಸ ತಾಯಿಯಿಂದ ಮಗಳಿಗೆ ಬರುವಂಥದ್ದು. ಹಬ್ಬಕ್ಕೊಮ್ಮೆ, ಉಪವಾಸದ ಕಾಲಕ್ಕೊಮ್ಮೆ ಉಡುಪು ಬದಲಾಗುತ್ತದೆ. ಆಗ ಇಗರ್ಜಿಯ ಬಾಗಿಲು ಒಳಗಿನಿಂದ ಹಾಕಿಕೊಳ್ಳುತ್ತದೆ. ಫಾದರ್ ಕೂಡ ಹೊರಗೆ ಕಲ್ಲಿನ ಮೇಲೆ ಕೂತು ಕಾಯಬೇಕು. ಎರ್ಮಿನಿಯ ಆ ಬಾಗಿಲು ಹಾಕಿಕೊಳ್ಳಲು ಶುರುಮಾಡಿ ನಲವತ್ತು ವರ್ಷ ದಾಟಿತ್ತು.

ಪ್ರವಾಸದ ಮಾತುಕತೆಗೆ ಊರು ಸೇರಿದ್ದು ಮಕ್ಕಳಿಲ್ಲದೆ ಮುಚ್ಚಿದ ಹಳೆಯ ಶಾಲೆಯಲ್ಲಿ. ದೊಡ್ಡವರೆಲ್ಲ ಚಿಕ್ಕ ಬೆಂಚುಗಳಲ್ಲಿ ಮಂಡಿ ಮೇಲೆ ಮಾಡಿ ಕೂತಿದ್ದರು. ಎದುರಿಗೆ ನಿಂತವಳು ನಿಯೆವೆಸ್, ಎರ್ಮಿನಿಯಳ ಅಣ್ಣನ ಮಗಳು, ಮಹಿಳಾ ಸಂಘದ ಅಧ್ಯಕ್ಷೆ.

“ಮೊದಲು ಊಟ ಎಲ್ಲಿ ಅನ್ನೋದು ತೀರ್ಮಾನ ಆಗ್ಲಿ” ಎಂದ ಇಲಾರಿಯೊ. ಊರಿಗಿದ್ದ ಒಂದೇ ಬಾರಿನ ಒಡೆಯ ಅವನು.

“ಇಲ್ಲಿ ಬಾರ್ ಮುಚ್ಚಿ ಅಲ್ಲಿ ಇನ್ನೊಂದು ಬಾರಲ್ಲಿ ಕೂರೋಕೆ ಬರ್ತಿದೀಯಾ?” ಎಂದಳು ನಿಯೆವೆಸ್.

“ಹುಟ್ಟಿದಾಗಿಂದ ನಾನೇ ಬಡಿಸ್ತಿದೀನಿ ತಾಯಿ. ಒಂದ್ಸಲ ನಂಗೂ ಯಾರಾದ್ರೂ ತಂದಿಟ್ಟು ‘ತಿನ್ನಪ್ಪಾ’ ಅನ್ಲಿ.”

ಒಬ್ಬರಿಗೆ ಸಾನ್ ಮಾರ್ತಿನ್ ಸೇತುವೆಯ ಮೇಲೆ ನಿಂತು ನದಿ ನೋಡಬೇಕಿತ್ತು. ಇನ್ನೊಬ್ಬರಿಗೆ ಯಹೂದಿಗಳ ಹಳೆಯ ಕೇರಿಯಲ್ಲಿ ಬಿಳಿ ಕಮಾನುಗಳ ಪ್ರಾರ್ಥನಾಮಂದಿರ. ಎಲ್ಲರಿಗೂ ಸನ್ಯಾಸಿನಿಯರು ಮಾಡುವ ಬಾದಾಮಿ ಮಿಠಾಯಿ ಬೇಕಿತ್ತು.

“ಆ ಗುಡ್ಡ ಹತ್ತೋರ್ಯಾರು?” ಎಂದು ಹಿಂದಿನ ಬೆಂಚಿನವರು ಕೇಳಿದರು.

“ಈಗ ಕರೆಂಟಿನ ಮೆಟ್ಟಿಲೇ ಹತ್ತಿಸುತ್ತೆ. ಸುಮ್ನೆ ನಿಂತ್ಕೊಂಡ್ರೆ ಸಾಕು.”

“ಮೆಟ್ಟಿಲೇ ಹತ್ತಿಸೋದಾದ್ರೆ ದೇವರು ಮಂಡಿ ಯಾಕೆ ಕೊಟ್ಟ?”

“ನಿನಗೆ ಕೊಟ್ಟಿದ್ದನ್ನ ಯಾವತ್ತೋ ವಾಪಸ್ ತಗೊಂಡಿದಾನಲ್ಲ” ಎಂದ ಇಲಾರಿಯೊ. ನಗು ಎದ್ದಿತು.

“ಸರಿ. ಮಾತೆ ಹತ್ರ ಎಷ್ಟೊತ್ತಿಗೆ ಹೋಗೋದು?” ಎಂದಳು ನಿಯೆವೆಸ್.

ನಗು ನಿಂತಿತು. ಬೆಂಚುಗಳೆಲ್ಲ ಕಿರುಗುಟ್ಟಿದವು, ಕಿಟಕಿಯ ಪಕ್ಕ ಕೂತಿದ್ದ ಎರ್ಮಿನಿಯಳ ಕಡೆಗೆ ಎಲ್ಲರೂ ತಿರುಗಿದ್ದರು.

“ಎರ್ಮಿನಿಯಕ್ಕ, ಈಗಾದ್ರೂ ಹೇಳಿಬಿಡು” ಎಂದ ಇಲಾರಿಯೊ. “ನಮ್ಮ ಮಾತೆ ನಿಂತಿದಾಳಾ, ಕೂತಿದಾಳಾ? ಅರ್ಧ ಊರು ನಿಂತಿದಾಳೆ ಅಂತ ಪಂದ್ಯ ಕಟ್ಟಿದೆ. ನಾನು ಕೂತಿದಾಳೆ ಅಂತ. ಸೋತೋರು ಬಸ್ಸಿಗೆಲ್ಲ ವೈನ್ ಕುಡಿಸಬೇಕು.”

“ನನ್ನ ಬಾಯಿಗೆ ಬೀಗ ಇದೆ ಇಲಾರಿಯೊ.”

“ಕೀಲಿ ಎಲ್ಲಿ?”

“ನಮ್ಮಮ್ಮನ ಜೊತೆ ಮಣ್ಣಿಗೆ ಹೋಯ್ತು.”

ಯಾರೋ ಫೋನಿನಲ್ಲಿ ಹುಡುಕಿದರೆ ಚಿತ್ರ ಸಿಗಬಹುದು ಎಂದರು. “ಫೋನಲ್ಲಿ ನೋಡಿದೋರಿಗೆ ಬಸ್ಸಲ್ಲಿ ಜಾಗ ಇಲ್ಲ” ಎಂದು ನಿಯೆವೆಸ್ ಗದರಿದಳು. ಫಾದರ್ ಕಾಸ್ತೊ ಫೋನು ಹಿಡಿದು ಎತ್ತಲಿದ್ದ ಕೈಯನ್ನು ಮೆಲ್ಲಗೆ ಜೇಬಿನೊಳಕ್ಕೆ ಬಿಟ್ಟುಕೊಂಡರು.

ಎರ್ಮಿನಿಯ ಎದ್ದಳು. “ನನ್ನ ಲೆಕ್ಕ ಹಿಡೀಬೇಡ ನಿಯೆವೆಸ್. ನಾನು ಬರಲ್ಲ. ಸೊಂಟ ನೋವು” ಎಂದು ಹೊರಟುಹೋದಳು. ಮಾತೆಯನ್ನು ಉಡುಪಿಲ್ಲದೆ ಇಟ್ಟಿದ್ದಾರೆಂದು ಅವಳಿಗೆ ಸಿಟ್ಟು ಬಂದಿದೆಯೆಂದು ಊರು ಅರ್ಥಮಾಡಿಕೊಂಡಿತು.

ಸಂಗತಿ ಅದಲ್ಲ. ಎರ್ಮಿನಿಯ ಮಾತೆಯನ್ನು ಉಡುಪಿಲ್ಲದೆ ಒಮ್ಮೆಯೂ ನೋಡಿರಲಿಲ್ಲ.

ಉಡಿಸುವವರ ಪದ್ಧತಿಯೇ ಹಾಗೆ. ಮಾತೆಯ ಹೆಗಲಿಂದ ಒಂದು ಹಾಸುಬಟ್ಟೆ ಇಳಿಬಿಟ್ಟು, ಕಣ್ಣು ತಗ್ಗಿಸಿ, ಬಟ್ಟೆಯ ಕೆಳಗೆ ಕೈಯಾಡಿಸಿ ಹಳೆಯದನ್ನು ಬಿಚ್ಚಿ ಹೊಸದನ್ನು ತೊಡಿಸಬೇಕು. ಚಳಿಗಾಲದಲ್ಲಿ ಒಯ್ಯಲು ಬಂದವರ ಕೈಗೂ ಅವಳು ಹಾಸುಬಟ್ಟೆ ಸುತ್ತಿದ ಗಂಟನ್ನೇ ಕೊಟ್ಟಿದ್ದಳು. ಕೆಲಸ ಕಲಿಸಿದ ದಿನ ಅವಳ ತಾಯಿ ಹೇಳಿದ್ದ ಮಾತು ಇದು: “ನೋಡಿದ್ರೆ ಬರೀ ಮರ ಕಾಣುತ್ತೆ ಮಗಳೇ. ಮುಟ್ಟಿದ್ರೆ ತಾಯಿ ಸಿಗ್ತಾಳೆ.”

ಸಿಕ್ಕಿದ್ದಳು. ನಲವತ್ತು ವರ್ಷ ಎರ್ಮಿನಿಯ ತನ್ನ ಸುಖದುಃಖಗಳನ್ನು ಹೇಳಿಕೊಂಡಿದ್ದು ಬೆರಳುಗಳಿಂದ. ಮಾತೆಯ ಬಲಗೈಯಲ್ಲಿ ಏನೋ ಒಂದು ದುಂಡನೆಯದು ಇತ್ತು. ಹಣ್ಣೋ, ಚೆಂಡೋ, ಗೂಡಿನ ಮೊಟ್ಟೆಯೋ ಬೆರಳಿಗೆ ತಿಳಿಯದು. ಅದೇನೆಂದು ತಿಳಿಯುವ ಆಸೆ ಅವಳಿಗೆ ಇಡೀ ಊರಿಗಿಂತ ಹೆಚ್ಚಿತ್ತು. ಹಾಗೆಯೇ ಹೆದರಿಕೆಯೂ. ನೋಡಿದಾಗ ತಾಯಿ ಹೇಳಿದಂತೆ ಬರೀ ಮರವೇ ಕಂಡುಬಿಟ್ಟರೆ? ಆಮೇಲೆ ಈ ಬೆರಳುಗಳು ಯಾರ ಜೊತೆ ಮಾತಾಡಬೇಕು?

ಮರುದಿನ ಅವಳು ದೂಳು ಒರೆಸಲು ಇಗರ್ಜಿಗೆ ಹೋದಳು. ಮಾತೆಯ ಗೂಡು ಖಾಲಿಯಾಗಿ ಕಾಣಬಾರದೆಂದು ಅವಳೇ ಒಂದು ತಂತಿಯ ಚೌಕಟ್ಟಿಗೆ ಹಸಿರು ನಿಲುವಂಗಿ ತೊಡಿಸಿ ನಿಲ್ಲಿಸಿದ್ದಳು. ಒಬ್ಬಾಕೆ ಬಂದು ಮೊಂಬತ್ತಿ ಹಚ್ಚಿ, ನಿಲುವಂಗಿಯ ಅಂಚಿಗೆ ಮುತ್ತಿಟ್ಟು, ಮೊಮ್ಮಗಳ ಹೆರಿಗೆ ಸುಸೂತ್ರವಾಗಲೆಂದು ಬೇಡಿಕೊಂಡು ಹೋದಳು. ಒಳಗೆ ಯಾರೂ ಇಲ್ಲವೆಂದು ಆಕೆಗೂ ಗೊತ್ತಿತ್ತು. ಎರ್ಮಿನಿಯ ಒರೆಸುವ ಬಟ್ಟೆ ಹಿಡಿದು ಬಹಳ ಹೊತ್ತು ನಿಂತಳು. ಆ ಮುತ್ತು ಎಲ್ಲಿಗೆ ಹೋಯಿತು? ತಂತಿಗೋ, ತೊಲೆದೊಗೋ? ಹೋಗಬೇಕಾದಲ್ಲಿಗೆ ಹೋಗಿರುತ್ತದೆ ಎಂದು ಮನಸ್ಸು ಹೇಳಿತು. ಆದರೂ ಹೆದರಿಕೆ ಜಾಗ ಬಿಟ್ಟು ಕದಲಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ನಿಯೆವೆಸ್ ಅತ್ತೆಯ ಮನೆಗೆ ಬಂದಳು. ದಾರಿಗೆ ಬುತ್ತಿಯಾಗಬೇಕಿತ್ತು; ಸೋಂಪು ಹಾಕಿದ ಸಿಹಿ ಬಳೆಗಳನ್ನು ಎರ್ಮಿನಿಯಳ ಹಾಗೆ ಕರಿಯುವವರು ಊರಲ್ಲಿ ಇರಲಿಲ್ಲ. ಬರದಿದ್ದರೂ ಕರಿದುಕೊಡುತ್ತೇನೆಂದು ಅವಳು ಒಪ್ಪಿದ್ದಳು. ಒಲೆಯ ಮೇಲೆ ಆಲಿವ್ ಎಣ್ಣೆ ಕಾಯುತ್ತಿತ್ತು. ನಿಯೆವೆಸ್ ಹಿಟ್ಟು ಹೊಸೆದು ಬಳೆ ಸುತ್ತುತ್ತ ಮಾತಿಗೆಳೆದಳು.

“ಅತ್ತೆ, ನಿಜ ಹೇಳು. ಸೊಂಟ ನೋವಾ, ಮನಸ್ಸು ನೋವಾ?”

“ಎರಡೂ ಒಂದೇ ಜಾಗದಲ್ಲಿ ಕೂತಿವೆ. ನೀನು ಬಳೆ ದಪ್ಪ ಮಾಡ್ತಿದೀಯ, ಒಳಗೆ ಬೇಯಲ್ಲ.”

“ಮಾತು ತಪ್ಪಿಸಬೇಡ. ಮಾತೆ ಕೈಲೇನಿದೆ, ಅಷ್ಟಾದ್ರೂ ಹೇಳು. ನಾನ್ಯಾರಿಗೂ ಹೇಳಲ್ಲ.”

“ನಿನಗೆ ಹೇಳಿದ್ರೆ ಇಗರ್ಜಿ ಗಂಟೆ ಬಾರಿಸೋ ಕೆಲಸ ತಪ್ಪುತ್ತೆ” ಎಂದಳು ಎರ್ಮಿನಿಯ. ಆದರೆ ಮಾತು ನಾಟಿತು. ಕೈಲಿದ್ದ ಹಿಟ್ಟಿನ ಉಂಡೆಯನ್ನು ಒತ್ತುತ್ತ ಅವಳು ಕಣ್ಣು ಮುಚ್ಚಿ ಆ ದುಂಡನೆಯದನ್ನು ನೆನೆದಳು. ಬೆರಳುಗಳು ತಮ್ಮಷ್ಟಕ್ಕೆ ನಡೆದವು. ಹೆಗಲು ಇಲ್ಲಿ. ಮೊಣಕೈ ಇಲ್ಲಿ. ಇಲ್ಲಿಂದ ಮುಂದಕ್ಕೆ ಚಾಚಿದ ತೊಡೆ, ಎರಡು ಮಂಡಿ, ಮಂಡಿಯ ಮೇಲೆ ಕೂಸು. ಬಲಗೈಯಲ್ಲಿ ಕಡಲೆಯಷ್ಟು ಹಿಟ್ಟು.

ನಿಯೆವೆಸ್ ಕೈಯಲ್ಲಿದ್ದ ಬಳೆ ಹಾಗೆಯೇ ನಿಂತಿತ್ತು. “ಕೂತಿದಾಳೆ” ಎಂದಳು ಪಿಸುದನಿಯಲ್ಲಿ.

ಎರ್ಮಿನಿಯ ಕಣ್ಣು ಬಿಟ್ಟಳು. ಮಣೆಯ ಮೇಲೆ ಹಿಟ್ಟಿನ ಒಂದು ಮುದ್ದೆ ಇತ್ತು. ಹೆಗಲು ಡೊಂಕು, ಒಂದು ಮಂಡಿ ದಪ್ಪ, ಕೂಸಿಗೆ ಮೂಗಿಲ್ಲ. ಅವಳು ಅದನ್ನೇ ನೋಡಿದಳು. ಮೊದಲ ಸಲ ನೋಡಿದಳು. ಬರೀ ಹಿಟ್ಟು ಎಂದು ಕಣ್ಣಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಹಬ್ಬದ ದಿನ ಹಾಸುಬಟ್ಟೆಯ ಕೆಳಗೆ ಕೈಗೆ ತಾಕುವವಳೇ ಈಗ ಎದುರಿಗೆ ಕೂತಿದ್ದಳು.

“ಎಣ್ಣೆ ಹೊಗೆಯಾಡ್ತಿದೆ ಅತ್ತೆ. ಇದನ್ನೂ ಎಣ್ಣೆಗೆ ಬಿಡ್ಲಾ?”

“ಮುಟ್ಟಬೇಡ ಅದನ್ನ.”

ಅವಳ ದನಿಗೆ ನಿಯೆವೆಸ್ ಬೆಚ್ಚಿದಳು. ಎರ್ಮಿನಿಯಳಿಗೂ ಅಚ್ಚರಿಯಾಯಿತು. ಬರೀ ಹಿಟ್ಟೆಂದು ಕಂಡ ಮೇಲೂ ಅದನ್ನು ಹಿಸುಕಿ ಬಳೆ ಮಾಡಲು ಕೈ ಬರಲಿಲ್ಲ. ಅವಳು ಆ ಮುದ್ದೆಯನ್ನು ಎರಡೂ ಕೈಯಿಂದ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು ಒಂದು ಬಟ್ಟೆ ಹೊದಿಸಿದಳು. ಅಮ್ಮಾ, ನೀನು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ ಎಂದುಕೊಂಡಳು. ಆಮೇಲೆ ಉಳಿದ ಹಿಟ್ಟನ್ನು ಹೊಸೆಯುತ್ತ, “ನಾಳೆ ಕಿಟಕಿ ಪಕ್ಕ ಜಾಗ ಇದೆಯೇನೇ?” ಎಂದು ಕೇಳಿದಳು.

ಬೆಳಗ್ಗೆ ಬಸ್ಸು ಚೌಕದಲ್ಲಿ ನಿಂತಿತ್ತು. ಬುತ್ತಿಯ ಬುಟ್ಟಿ ಹಿಡಿದು ಎರ್ಮಿನಿಯ ಹತ್ತಿದಾಗ ಒಳಗಿನ ಗದ್ದಲ ಒಮ್ಮೆಗೇ ಇಳಿಯಿತು.

“ಸೊಂಟ?” ಎಂದ ಇಲಾರಿಯೊ.

“ಮನೇಲಿ ಬಿಟ್ಟು ಬಂದಿದೀನಿ.”

“ಹಾಗಾದ್ರೆ ದಾರೀಲಿ ಹೇಳ್ತೀಯಾ? ನಿಂತಿದಾಳಾ, ಕೂತಿದಾಳಾ?”

ನಿಯೆವೆಸ್ ತುಟಿ ಕಚ್ಚಿ ಕಿಟಕಿಯಾಚೆ ನೋಡಿದಳು. ಎರ್ಮಿನಿಯ ಬುಟ್ಟಿ ಕೆಳಗಿಟ್ಟು, ಸೀಟಿನ ಬೆನ್ನು ಹಿಡಿದು, ಎಲ್ಲರ ಕಡೆಗೂ ತಿರುಗಿ ನಿಂತಳು. ಊರಿನಲ್ಲಿ ಅವಳಿಗಿದ್ದ ಹಿರಿತನವೆಲ್ಲ ಆ ಒಂದು ಗುಟ್ಟಿನ ಮೇಲೆ ನಿಂತಿತ್ತೆಂದು ಅವಳಿಗೆ ಗೊತ್ತಿತ್ತು.

“ಕೈಗೆ ಗೊತ್ತು. ಕಣ್ಣಿಗೆ ಗೊತ್ತಿಲ್ಲ” ಎಂದಳು. “ನಾನು ಅವಳನ್ನ ಉಡುಪಿಲ್ಲದೆ ಯಾವತ್ತೂ ನೋಡಿಲ್ಲ. ನಮ್ಮಮ್ಮನೂ ನೋಡಿಲ್ಲ. ಕಣ್ಣು ತಗ್ಗಿಸಿ ಉಡಿಸೋದೇ ನಮ್ಮ ಪದ್ಧತಿ.”

ಫಾದರ್ ಕಾಸ್ತೊ ತಲೆ ತಗ್ಗಿಸಿದರು. ಹೊರಗೆ ಕಲ್ಲಿನ ಮೇಲೆ ಕೂತು ಬೇಸರದಿಂದ ಕಾದಿದ್ದೆಲ್ಲ ಅವರಿಗೆ ನೆನಪಾಗಿರಬೇಕು. ಇಲಾರಿಯೊ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

“ಹಂಗಾದ್ರೆ ಮೊದಲು ಅಲ್ಲಿಗೇ ಹೋಗೋಣ. ಸೇತುವೆ, ಮಿಠಾಯಿ ಎಲ್ಲ ಆಮೇಲೆ” ಎಂದ. “ಎರ್ಮಿನಿಯಕ್ಕ ಒಬ್ಬಳೇ ಒಳಗೆ ಹೋಗಿ ಕಣ್ತುಂಬ ನೋಡಿ ಬರ್ಲಿ. ನಾವು ಹೊರಗೆ ಮೆಟ್ಟಿಲ ಮೇಲೆ ಕಾಯ್ತೀವಿ.”

ಹೌದು, ಹೌದು ಎಂದು ಬಸ್ಸೆಲ್ಲ ತಲೆದೂಗಿತು.

“ಬೇಡ” ಎಂದಳು ಎರ್ಮಿನಿಯ. “ಒಬ್ಬಳೇ ಹೋದ್ರೆ ಮತ್ತೆ ಬಾಗಿಲು ಹಾಕ್ಕೊಂಡಂಗೇ ಆಯ್ತು. ಎಲ್ರೂ ಒಟ್ಟಿಗೆ ಹೋಗೋಣ. ಅವಳ ಬಲಗೈಲಿ ಏನೋ ಒಂದು ದುಂಡಗಿದೆ. ನನ್ನ ಕಣ್ಣಿಗೆ ಸರಿಯಾಗಿ ಕಾಣದಿದ್ರೆ ನೀವಾದ್ರೂ ನೋಡಿ ಹೇಳಿ.”

ಬಸ್ಸು ಹೊರಟು ಒರತೆಯ ತಿರುವು ದಾಟಿತು. ನಿಯೆವೆಸ್ ಪಕ್ಕದಲ್ಲಿ ಬಂದು ಕೂತಳು. “ಅತ್ತೆ, ಕನ್ನಡಕ ತಂದಿದೀಯಾ?”

ಎರ್ಮಿನಿಯ ಚೀಲ ತೆರೆದು ತೋರಿಸಿದಳು. ಮಾತೆಯ ಹಬ್ಬದ ಉಡುಪಿನ ಬಿಳಿ ಕರವಸ್ತ್ರದಲ್ಲಿ ಕನ್ನಡಕ ಸುತ್ತಿ ಇಟ್ಟಿತ್ತು. ಅವಳು ಅದನ್ನು ಹೊರಗೆ ತೆಗೆದು, ಉಸಿರೂದಿ, ಒಂದೊಂದು ಗಾಜನ್ನೂ ನಿಧಾನವಾಗಿ ಒರೆಸತೊಡಗಿದಳು.