ಅಕ್ಷರದ ಬಲಕ್ಕೆ

ಎಸಿಯ ನೀರು ಬಾಟಲಿಗೆ ತೊಟ್ಟಿಕ್ಕುವ ಸದ್ದು ನಿಂತಿತಲ್ಲ, ಬಾಟಲಿ ತುಂಬಿರಬೇಕು, ಯಾರಾದರೂ ಚೆಲ್ಲಿ ಬರಲಿ, ಗೀತಾಂಜಲಿ ಏಳುವುದಿಲ್ಲ, ಅವಳ ಬೆರಳು ಮೌಸಿನ ಮೇಲಿದೆ, ಪರದೆಯ ಮೂಲೆಯಲ್ಲಿ ಒಪ್ಪಿಗೆಯ ಹಸಿರು ಗುಂಡಿ, ಅದನ್ನೊಮ್ಮೆ ಒತ್ತಿದರೆ ಅಜ್ಜಂದಿರ ಕಾಲದ ಚೀನೀ ಪತ್ರಿಕೆ ಫಾತೋರ್ಡಾದ ಈ ಮೂರನೆಯ ಮಹಡಿಯ ಸ್ಕ್ಯಾನಿಂಗ್ ಆಫೀಸಿನಿಂದ ಲೈಬ್ರರಿಯ ಡಿಜಿಟಲ್ ಸಂಗ್ರಹಕ್ಕೆ ಹೋಗಿ ಕೂತುಬಿಡುತ್ತದೆ, ಯಾವ ದೇಶದವರು ಬೇಕಾದರೂ ತೆರೆದು ಓದಬಹುದು, ಅವಳಿಗೆ ಮಾತ್ರ ಒಂದಕ್ಷರವೂ ಬಾರದು — ಓದೂದಲ್ಲವ್ವಾ, ಅಕ್ಷರ ಸ್ವಚ್ಛ ಬಂದಾವೋ ಇಲ್ಲೋ ನೋಡೂದು, ಎಂದು ಬೆಳಿಗ್ಗೆ ಡಬ್ಬಿಗೆ ರೊಟ್ಟಿ ಕಟ್ಟುತ್ತಿದ್ದ ಅವ್ವ ಹುಲಿಗೆವ್ವನಿಗೆ ಹೇಳಿದ್ದಳು, ಓದಾಕ ಬರದ ಪೇಪರ್ ನೋಡಾಕ ಪಗಾರ ಕೊಡ್ತಾರಾ, ಕೊಡ್ತಾರವ್ವಾ, ಹಂಗಾರ ನನ್ನೂ ಸೇರಿಸಬೇ, ನನಗೂ ಓದಾಕ ಬರಂಗಿಲ್ಲ, ಎನ್ನುತ್ತ ಅವ್ವ ಕುಂಡಯಿ ಕಾರ್ಖಾನೆಯ ವ್ಯಾನಿಗೆ ಓಡಿದ್ದಳು. ಸ್ವಚ್ಛ ಬಂದಿವೆ, ಅದರಲ್ಲಿ ಸಂಶಯವಿಲ್ಲ, ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಅಳತೆಯ ಪಕ್ಕ ತಪ್ಪಿನ ಮಿತಿ ಬರೆಯದೆ ಎದ್ದವಳಲ್ಲ ಅವಳು, ಹುಳು ತಿಂದ ತೂತು, ತೇವದ ಕಲೆ, ಧೂಳು, ಎಲ್ಲವನ್ನೂ ಅಳೆದು ಇಷ್ಟಕ್ಕಿಂತ ಸಣ್ಣದೆಲ್ಲ ಕಸ, ತೆಗೆದುಬಿಡು ಎಂದು ಪ್ರೋಗ್ರಾಂ ಬರೆಯುವ ಮುಜಮ್ಮಿಲನಿಗೆ ಹೇಳಿಕೊಟ್ಟವಳೇ ಅವಳು, ಆತ ತಿಂಗಳಿಡೀ ಕೂತು ಪುಟಪುಟಕ್ಕೂ ಪ್ರೋಗ್ರಾಂ ಹಾಯಿಸಿದ, ಪುಟಗಳು ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳಗಿದವು, ನೋಡ ಗೀತಾ, ಚೀನಾದವರೂ ಇಷ್ಟು ಚಲೋ ಛಾಪಿಸಿರಂಗಿಲ್ಲ, ಅಂದಿದ್ದ ಆತ. ಒಪ್ಪಿಗೆ ಒತ್ತಿದ ಕೂಡಲೇ ಕಂಪ್ಯೂಟರು ಮೂಲ ಸ್ಕ್ಯಾನುಗಳನ್ನು ತಾನೇ ಅಳಿಸುತ್ತದೆ, ಮುಂದಿನ ಆರ್ಡರಿಗೆ ಜಾಗ ಬೇಕಲ್ಲ, ಪತ್ರಿಕೆಯ ಕಟ್ಟಂತೂ ಮುಟ್ಟಿದರೆ ಪುಡಿಯಾಗುತ್ತಿತ್ತು, ಲೈಬ್ರರಿಯವರು ಒಂದೇ ಸಲ ಬಿಚ್ಚಗೊಟ್ಟು ಮುಚ್ಚಿ ಒಯ್ದರು, ಇನ್ನು ಯಾರಿಗೂ ಬಿಚ್ಚುವುದಿಲ್ಲ. ಒತ್ತುವ ಮುಂಚೆ ಒಂದು ಮೂಲ ಪುಟ, ಅದರದೇ ಸ್ವಚ್ಛ ಪ್ರತಿ, ಅಕ್ಕಪಕ್ಕ ತೆರೆದಳು, ಅಭ್ಯಾಸ ಅಷ್ಟೆ —

ಮೂಲದಲ್ಲಿ ಧೂಳು, ಇರಲಿ, ಇರುವಂಥದ್ದೇ, ಆದರೆ ಮೇಲಿನಿಂದ ಇಳಿಯುವ ಈ ಸಾಲಿನಲ್ಲಿ ಪ್ರತಿ ಅಕ್ಷರದ ಬಲಕ್ಕೆ ಒಂದೊಂದು ಕಣ, ಒಂದರ ಕೆಳಗೊಂದು, ಧೂಳು ಎಂದಾದರೂ ಹೀಗೆ ಪಾಳಿ ಹಚ್ಚಿ ನಿಲ್ಲುತ್ತದೆಯೇ, ಹಿಗ್ಗಿಸಿದಳು, ಕಣವಲ್ಲ, ಉಂಗುರ, ನಡುವೆ ಬಿಳಿ, ಒಂದಕ್ಕೆ ಎಡಗಡೆ ಸಣ್ಣ ಸೀಳು, ಮುಂದಿನ ಪುಟ ತೆರೆದಳು, ಅಲ್ಲೊಂದು ಉಂಗುರ, ಅದೇ ಸೀಳು, ಅದೇ ಎಡಗಡೆ, ಆಮೇಲಿನ ವಾರದ ಸಂಚಿಕೆಯಲ್ಲೂ, ಬೇರೆಬೇರೆ ಧೂಳಿನ ಕಣಗಳಿಗೆ ಒಂದೇ ಗಾಯ ಆಗುವುದಿಲ್ಲ, ಇದು ಅಚ್ಚಿನ ಮೊಳೆ, ಸವೆದು ಸೀಳಿದ್ದು, ಯಾವನೋ ಬೆರಳಲ್ಲಿ ಹೆಕ್ಕಿ ಹೆಕ್ಕಿ ಜೋಡಿಸಿದ್ದಾನೆ, ಈ ಮಾತಿನ ಮೇಲೆ ಕಣ್ಣಿಡಿ ಎಂದೋ, ಇಲ್ಲಿ ಉಸಿರು ತೆಗೆದುಕೊಳ್ಳಿ ಎಂದೋ, ಪಕ್ಕದ ಸ್ವಚ್ಛ ಪ್ರತಿಯಲ್ಲಿ ಅಕ್ಷರದ ಬಲಕ್ಕೆ ಬರೀ ಬಿಳಿ. ಅಳತೆ ಎಲ್ಲಿ ತಪ್ಪಿತು, ಅಳತೆ ತಪ್ಪಿಲ್ಲ, ಅಳೆಯಲು ಆರಿಸಿದ ಪುಟಗಳು ತಪ್ಪು, ಸ್ಕ್ಯಾನ್ ಮಾಡಿದವರು ನಮ್ಮ ಪುಸ್ತಕದ ಹಾಗೆ ಎಡದಿಂದ ತೆರೆದು ಮೊದಲ ಪುಟಗಳೆಂದು ತೆಗೆದುಕೊಂಡರು, ಆ ಪತ್ರಿಕೆ ಬಲದಿಂದ ತೆರೆಯುವಂಥದ್ದು, ಅವಳು ಅಳೆದದ್ದು ಕೊನೆಯ ಪುಟಗಳನ್ನು, ಬರೀ ಜಾಹೀರಾತು, ಔಷಧಿ ಬಾಟಲಿ, ಹಡಗು, ಬೀಸಣಿಕೆ, ಅಲ್ಲಿ ಉಂಗುರಗಳೇ ಇರಲಿಲ್ಲ, ಲೈಬ್ರರಿಯವರು ಆಮೇಲೆ ಪುಟಗಳ ಕ್ರಮ ತಿದ್ದಿಸಿದರು, ಅಳತೆಯನ್ನು ಮತ್ತೆ ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವಳಿಗೂ.

ಬೆನ್ನ ಹಿಂದೆ ಮ್ಯಾನೇಜರ್ ಸಂಗಣ್ಣ ಬಂದು ನಿಂತಿದ್ದಾರೆ, ಒತ್ತವಾ ತಂಗಿ, ಸಂಜೀಕ ಕಳಸ್ತೇವಿ ಅಂತ ಹೇಳಿಬಿಟ್ಟೇನಿ, ಸರ್, ಇವು ಧೂಳಲ್ರಿ, ಛಾಪಿಸಿದ್ದು, ನಾವು ಅಳಿಸೇವಿ, ಮುಜಮ್ಮಿಲ ಕುರ್ಚಿಯ ಸಮೇತ ಉರುಳಿಕೊಂಡು ಬಂದು ಇಣುಕಿದ, ಸಣ್ಣದೆಲ್ಲ ತೆಗಿ ಅಂತ ನೀನ ಹೇಳಿದ್ದಿ ಗೀತಾ, ಹೌದು, ನಾನ ಹೇಳಿದ್ದು, ಬ್ಯಾಡ ಅಂತನೂ ಈಗ ನಾನ ಹೇಳಾಕತ್ತೇನಿ, ನನ್ನ ತಿಂಗಳು ಹೋತಲ್ಲ ಮಾರಾಯ್ತಿ, ಹೋತು, ನಾನೂ ಕೂಡ್ತೇನಿ ನಿನ್ನ ಜೋಡಿ. ಚೀನೀ ಬರತೈತೇನು ನಿನಗ, ಸಂಗಣ್ಣ ಕೇಳುತ್ತಾರೆ, ಇಲ್ರಿ, ಮತ್ತ ಆ ಉಂಗುರಗಳ ಅರ್ಥ ಏನಂತ ಗೊತ್ತೈತೇನು, ಇಲ್ರಿ, ಗೊತ್ತಿದ್ರ ಅಳಸಬಹುದಿತ್ತೇನೋ, ಗೊತ್ತಿಲ್ಲ ಅಂತನ ಅಳಸಾಕ ಬರಂಗಿಲ್ಲ, ತಂಗಿ, ನಿನ್ನ ನೌಕರಿ ಕಾಯಂ ಮಾಡೂದು ಈ ಆರ್ಡರ್ ಮ್ಯಾಲ ನಿಂತೈತಿ, ನೆನಪೈತಿಲ್ಲ, ಐತ್ರಿ. ಲೆಕ್ಕ ಸರಿ ಬಂದಾಗಿನ ಆ ಹಳೆಯ ಸಮಾಧಾನ, ಹಸಿರು ಬಿಟ್ಟು ಕೆಂಪು ಗುಂಡಿಗೆ ಸರಿದಳು, ತಿರಸ್ಕಾರ, ಎಲ್ಲ ಪುಟಗಳೂ, ಖಚಿತವೇ ಎಂದು ಕಂಪ್ಯೂಟರು ಕೇಳಿತು, ಖಚಿತ, ಒತ್ತಿದಳು, ಮೂಲಗಳು ಉಳಿದವು, ಸಂಗಣ್ಣ ಫೋನು ಕಿವಿಗಿಟ್ಟು ಬಾಗಿಲು ದಾಟಿದರು, ಕಾಯಂ ಮಾತು ಅವರ ಜೊತೆಗೇ ಹೊರಗೆ ಹೋಯಿತೇನೋ, ಹೋಗಲಿ, ಎಲ್ಲಿಂದ ಸುರು ಮಾಡೂನು ಎಂದು ಮುಜಮ್ಮಿಲ ಕೇಳುತ್ತಿದ್ದಾನೆ, ಬಲಗಡಿಂದ, ಎಂದಳು, ಮುಂದಿನದನ್ನೂ ಹೇಳಬೇಕು, ಹೊಸ ಅಳತೆ, ಹೊಸ ಪುಟಗಳು, ಆದರೆ ಕಣ್ಣು ಅಲ್ಲೇ, ಅಕ್ಷರದ ಬಲಕ್ಕೆ, ಕಪ್ಪು ಉಂಗುರ, ನಡುವೆ ಬಿಳಿ, ಕೆಳಗೆ ಇನ್ನೊಂದು, ಅದರ ಕೆಳಗೆ, ಎಡಗಡೆ ಸೀಳು