ಆರಿದ ಕಾಫಿ ಒಲೆ

ನಮ್ಮ ಹಟ್ಟಿಯ ತಗ್ಗಿನಲ್ಲಿ ಗ್ಯಾಸಿನ ದೊಡ್ಡ ಪೈಪು ಹೂತಿರುವಲ್ಲಿ ಮಣ್ಣು ತಾನಾಗಿ ಪುಟಿಯುತ್ತಿತ್ತು. ಬುಸ್ಸೆಂಬ ಸದ್ದು ಬೇರೆ. ಕುರಿಗಳು ಅತ್ತ ಹೆಜ್ಜೆಯಿಡಲೊಲ್ಲವು. ಗಾಳಿ ನೇರ ಮನೆಯ ಕಡೆಗೆ ಬೀಸುತ್ತಿತ್ತು. ಅಲ್ಲಿ ಮಾವನ ಕಾಫಿ ಒಲೆ ಉರಿಯುತ್ತಿತ್ತು, ಪಕ್ಕದಲ್ಲೇ ನನ್ನ ಮಗಳು ನೌಫಾ ಮಲಗಿದ್ದಳು.

ಓಡಿಬಂದು ಮಗುವನ್ನೆತ್ತಿಕೊಂಡು, ಒಲೆ ಆರಿಸಿ ಎಂದೆ. ಮಾವ ಮುತಶರ್ ಹುಬ್ಬು ಗಂಟಿಕ್ಕಿದರು. ಇರಾಕಿನ ಸಮಾವಾ ಮರಳುಗಾಡಿನ ನಮ್ಮ ಕಡೆ ಅತಿಥಿಗಳ ಒಲೆ ಹಗಲಿರುಳೂ ಹೊಗೆಯಾಡಬೇಕು. ಮನೆಯ ಹಿರಿಯ ಸತ್ತ ದಿನ ಮಾತ್ರ ಅದಕ್ಕೆ ನೀರು. ಅವರು ಮೂಗೆಳೆದು ನೋಡಿ, ಅಡುಗೆ ಸಿಲಿಂಡರಿನ ನಾತವೇ ಇಲ್ಲ, ಗ್ಯಾಸೆಲ್ಲಿಂದ ಬಂತು ಎಂದರು. ಈ ಮುದುಕನ ಹಟಕ್ಕಿಷ್ಟು! ಪೈಪಿನ ಗುರುತಿಗೆ ಹಳದಿ ಕಂಬ ನೆಡಲು ಬಂದ ಕಂಪನಿಯವರು ಬಾಯಿ ಬಡಕೊಂಡು ಹೇಳಿದ್ದರು: ನಾತವನ್ನು ಅಡುಗೆ ಗ್ಯಾಸಿಗೆ ಆಮೇಲೆ ಬೆರೆಸುತ್ತಾರೆ, ಈ ಪೈಪಿನದಕ್ಕೆ ವಾಸನೆಯೇ ಇಲ್ಲ. ಆಗ ಮಾವ ಅವರಿಗೆ ಕಾಫಿ ಬಗ್ಗಿಸುವುದರಲ್ಲೇ ಮುಳುಗಿದ್ದರು.

“ಬದುಕಿರುವಾಗಲೇ ನಾನು ಸತ್ತೆ ಅಂತ ಊರಿಗೆಲ್ಲ ಸಾರ್ತೀಯೇನೇ?”

“ಒಲೆ ಉರೀತಾ ಇದ್ರೆ ಸಾರೋಕೆ ಯಾರೂ ಉಳಿಯಲ್ಲ ಮಾವ. ಮಗು ಮುಖ ನೋಡಿ.”

ನೋಡಿದರು. ತಾವೇ ಒಲೆಗೆ ನೀರು ಸುರಿದರು. ನನಗೂ ಸಂಕಟವಾಯಿತು, ಆದರೆ ಅಳುವ ಹೊತ್ತೇ ಅದು? ಗಾಡಿ ಚಾಲೂ ಮಾಡದೆ, ಗಾಳಿಗೆ ಅಡ್ಡವಾಗಿ ನಡೆದು ದೂರದ ದಿಬ್ಬ ಹತ್ತಿದೆವು. ಅಲ್ಲಿದ್ದ ಹಳದಿ ಕಂಬದಲ್ಲಿ ಬರೆದಿದ್ದ ನಂಬರಿಗೆ ಫೋನ್ ಮಾಡಿದೆ. ಪೈಪು ಬಂದ್ ಮಾಡುತ್ತೇವೆ, ಒಳಗಿನ ಗ್ಯಾಸ್ ತೀರುವವರೆಗೆ ಹತ್ತಿರ ಒಂದು ಕಿಡಿಯೂ ಹಾರಬಾರದು ಎಂದರು ಕಂಪನಿಯವರು.

ಉಸಿರು ಬಿಡುವಷ್ಟರಲ್ಲಿ ದಾರಿಯಲ್ಲಿ ಧೂಳೆದ್ದಿತು. ಹೊಗೆ ನಿಂತದ್ದು ಅಕ್ಕಪಕ್ಕದ ಹಟ್ಟಿಗಳಿಗೆ ಕಂಡುಬಿಟ್ಟಿತ್ತು. ಮುತಶರ್ ತೀರಿಕೊಂಡರೆಂದು ಪಿಕಪ್ ಗಾಡಿಗಳು ಸಾಲುಸಾಲಾಗಿ ಬರುತ್ತಿದ್ದವು, ನೇರ ಆ ತಗ್ಗಿಗೆ. ಇದು ನನಗೆ ಹೊಳೆದೇ ಇರಲಿಲ್ಲ. ಮುಂದಿನ ಗಾಡಿಯಲ್ಲಿದ್ದ ಮಾವನ ತಮ್ಮನ ಮಗ ಗದ್ಬಾನನಿಗೆ ಫೋನ್ ಮಾಡಿದೆ, ಪುಣ್ಯಾತ್ಮ ಎತ್ತಲಿಲ್ಲ.

ಮಾವ ಕೋಲು ಬಿಸಾಡಿ ದಿಬ್ಬವಿಳಿದು ಓಡಿದರು. ಮಗುವನ್ನೆತ್ತಿಕೊಂಡು ನಾನೂ ಹಿಂದೆಯೇ ಓಡಿದೆ. ತಗ್ಗಿಗೆ ಬಹಳ ಮೊದಲೇ ಮಾವ ದಾರಿಯ ನಡುವೆ ನಿಂತು ತಲೆವಸ್ತ್ರ ಬೀಸಿದರು. ಗದ್ಬಾನನ ಗಾಡಿ ಅವರ ಮೊಣಕಾಲಿನ ಹತ್ತಿರ ಗಕ್ಕನೆ ನಿಂತಿತು. ಅತ್ತು ಅತ್ತು ಅವನ ಕಣ್ಣುಗಳು ಕೆಂಪಾಗಿದ್ದವು. ಸತ್ತವರೇ ಎದುರು ನಿಂತದ್ದು ಕಂಡು ಅವನು ಕಿಟಕಿಯಿಂದ ತಲೆ ಹೊರಹಾಕಿದ.

“ಇಂಜಿನ್ ಆರಿಸೋ. ಎಲ್ಲರಿಗೂ ಆರಿಸೋಕೆ ಹೇಳು, ವಾಪಸ್ ನಡೀರಿ,” ಎಂದರು ಮಾವ ಏದುಸಿರು ಬಿಡುತ್ತ. ಆಮೇಲೆ ತಲೆ ತಗ್ಗಿಸಿ, “ಇವತ್ತು ನನ್ನ ಮನೇಲಿ ಕಾಫಿ ಇಲ್ಲ,” ಎಂದರು.

ಅವರ ಬಾಯಿಂದ ಆ ಮಾತನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಒಂದಾದ ಮೇಲೊಂದು ಇಂಜಿನ್‌ಗಳು ನಿಂತವು.