ಅಕ್ಷರದ ಅಳತೆ ಇಪ್ಪತ್ತೆಂಟು

ಓದಲು ಬರುತ್ತಿದೆ, ಪಕ್ಕದ ಮೇಜಿನ ಗಡ್ಡದವನ ಪರದೆ ಇಲ್ಲಿಂದಲೇ ಓದಲು ಬರುತ್ತಿದೆ, ಎಷ್ಟು ತಿಂಗಳಾಗಿತ್ತು ಹೀಗೆ ಕಣ್ಣು ಕಿರಿದು ಮಾಡದೆ ಒಂದು ಸಾಲು ಓದಿ, ಡಾಕ್ಟರು ಕೊಟ್ಟ ಹನಿ ಕೊನೆಗೂ ಕೆಲಸ ಮಾಡಿತು ಎಂದು ಅವಳ ಜೀವ ಹಗುರಾಯಿತು — ಹಗುರಾದದ್ದು ಒಂದೇ ಗಳಿಗೆ, ಆ ಪರದೆಯ ತುಂಬ ಇದ್ದದ್ದು ಬರೀ ಒಂಬತ್ತು ಸಾಲು, ಕುಂಬಳಕಾಯಿ ಗಾತ್ರದ ಅಕ್ಷರ, ಅವನಾಚೆಯವಳದೂ ಹಾಗೇ, ಕಿಟಕಿ ಪಕ್ಕದವರದೂ ಹಾಗೇ, ಏನ್ರೀ ಇದು, ನನ್ನ ಎಡಿಟರ್‌ಗೆ ಏನೋ ಬಡಿದಿದೆ, ನಂದೂ ಊದ್ಕೊಂಡಿದೆ ಕಣೋ, ನಗು — ಹತ್ತು ಗಂಟೆ, ಹೌದು, ಹತ್ತಕ್ಕೆ ಎಲ್ಲರ ಕಂಪ್ಯೂಟರ್‌ಗಳೂ ಅವಳು ಇಟ್ಟ ಸೆಟಿಂಗ್ಸನ್ನು ತಾವೇ ಎಳೆದುಕೊಳ್ಳುತ್ತವೆ, ಇಡೀ ತಂಡ ಕೋಡ್ ಬರೆಯುವ ಎಡಿಟರಿನ ಉಸ್ತುವಾರಿ ಆರು ವರ್ಷದಿಂದ ಅವಳದೇ, ಬಣ್ಣ, ಶಾರ್ಟ್‌ಕಟ್ ಕೀಲಿ, ಅಂಚು ಎಲ್ಲ, ಅಕ್ಷರದ ಅಳತೆಯನ್ನು ಮಾತ್ರ ನಿಮ್ಮ ನಿಮ್ಮ ಜಾಗದಲ್ಲೇ ಇಟ್ಕೊಳ್ರಪ್ಪಾ ಎಂದು ಬಂದವರಿಗೆಲ್ಲ ಪಾಠ ಹೇಳಿದವಳೂ ಅವಳೇ, ಬೆಳಿಗ್ಗೆ ಮನೆಯ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತೆಂಟು ಎಂದು ಬರೆದು ತನ್ನ ಖಾಸಗಿ ಜಾಗಕ್ಕೆ ಕಳಿಸಬೇಕಾದದ್ದನ್ನು ತಂಡದ ಜಾಗಕ್ಕೆ ಕಳಿಸಿದ್ದಾಳೆ, ಎರಡರ ಹೆಸರೂ ಒಂದೇ ಥರ ಕಲಸಿಹೋಗಿ ಕಂಡಿದ್ದವು, ಹೋದದ್ದೂ ಒಂದು ಸಾಲಲ್ಲ, ಮನೆಯಲ್ಲಿ ಇಷ್ಟು ತಿಂಗಳು ಅಳತೆ ಏರಿಸುತ್ತ ಬಂದ ಬದಲಾವಣೆಗಳೆಲ್ಲ, ತಾರೀಕಿನ ಸಮೇತ.

ವಾಪಸ್ ತೆಗೆಯಬೇಕು, ಈಗಲೇ, ತನ್ನ ಪರದೆಯ ಸಾಲೇ ಕಾಣುತ್ತಿಲ್ಲ, ಈ ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ ಯಾರಿಗೂ ಸುಳಿವು ಸಿಗದಿರಲೆಂದು ಹನ್ನೆರಡೇ ಇಟ್ಟುಕೊಂಡು ಅಂದಾಜಿನ ಮೇಲೆ ದಿನ ದೂಡಿದ್ದಳು, ಹೇಳಿಬಿಡೇ, ಎಷ್ಟು ದಿನ ಅಂತ ಮುಚ್ಚಿಡ್ತೀಯ ಎನ್ನುತ್ತಾನೆ ಗಂಡ, ಅವನಿಗೇನು, ಕಣ್ಣು ಮಂಜಾದವಳಿಗೆ ಕೋಡ್ ಬರೆಯೋ ಕೆಲಸ ಯಾರು ಕೊಡ್ತಾರೆ, ನಾಳೆಯಿಂದ ಮೇಡಂ ನೀವು ಕೂತ್ಕೊಳ್ಳಿ ನಾವು ಮಾಡ್ತೀವಿ ಅಂತಾರೆ, ಥೂ, ಅದಕ್ಕಿಂತ — ತಡೀರಿ ತಡೀರಿ, ಯಾವ ಪುಣ್ಯಾತ್ಮರ ಕೆಲಸ ಅಂತ ಹಿಸ್ಟರಿ ತೆಗೀತೀನಿ ಎಂದ ಗಡ್ಡದವನು, ಹರಾಜು ಕೂಗುವವನ ಧಾಟಿಯಲ್ಲಿ ಓದತೊಡಗಿದ, ಮಾರ್ಚಲ್ಲಿ ಹನ್ನೆರಡು ಇದ್ದಿದ್ದು ಹದಿನಾಲ್ಕು, ನಗು, ಜೂನಲ್ಲಿ ಹದಿನೆಂಟು, ಇನ್ನೂ ನಗು, ಆಗಸ್ಟಲ್ಲಿ ಇಪ್ಪತ್ತೆರಡು, ಸಾಕು ಕಣೋ, ಓದಬೇಡ ಎಂದು ಅವಳ ಒಳಗೇ, ಇವತ್ತು ಬೆಳಿಗ್ಗೆ ಇಪ್ಪ — ದನಿ ಅಲ್ಲೇ ನಿಂತಿತು, ಕಳಿಸಿದವರ ಹೆಸರು ಕಂಡಿರಬೇಕು, ನಗುವೂ ಒಂದೊಂದೇ ಮೇಜಿನಿಂದ ಇಳಿಯಿತು, ಕುರ್ಚಿ ತಿರುಗಿದ ಸದ್ದು, ಮೇಡಂ, ಅಂದ, ಆ ಮೇಡಂ ತಮಾಷೆಯದೋ, ಅಯ್ಯೋ ಪಾಪದ್ದೋ, ಮುಖ ನೋಡಿದರೆ ಗೊತ್ತಾಗುತ್ತದೆ, ನೋಡುತ್ತಿದ್ದಾಳೆ, ಇರುವುದು ಎರಡೇ ಮಾರು, ಗಡ್ಡ ಕಾಣುತ್ತಿದೆ, ಅದರ ಮೇಲೆ ಮಸುಕು, ಬರೀ ಮಸುಕು